ಈ ಗಟಾರ ಎಲ್ಲಿಗೆ ಹೋಗುತ್ತದೆ?

ಬೆಳಗಿನ ಜಾವ ನಾಲ್ಕೂವರೆ. ಕುಷ್ಟಗಿಯ ಹೆದ್ದಾರಿಯಿಂದ ಒಳಗೆ ಸರಿದ ಊರೊಂದರ ಓಣಿಯಲ್ಲಿ ನಿಂತಿದ್ದೀರಿ. ಊರಿನ ಹೆಸರು ಬೇಡ. ತಾಲೂಕಿನ ಯಾವ ದಿಕ್ಕಿಗೆ ಹೋದರೂ ಇಂಥ ಓಣಿ ಸಿಕ್ಕೀತು. ಕತ್ತಲಲ್ಲಿ ಮೊದಲು ಕಿವಿಗೆ ಬೀಳುವುದು ಪೈಪಿನೊಳಗಿನ ಗಾಳಿ. ಬುಸ್ಸೆಂದು ಎರಡು ಸಲ ಉಸಿರುಬಿಟ್ಟು, ಆಮೇಲೆ ನೀರು ಗುಳುಗುಳು ಅನ್ನುತ್ತದೆ. ಅಷ್ಟರಲ್ಲಿ ಒಂದು ಬಾಗಿಲು ಕಿರುಗುಟ್ಟುತ್ತದೆ. "ಏಳಬೇ, ನಳಾ ಬಂತು!" ಆ ಕೂಗು ಮನೆಯಿಂದ ಮನೆಗೆ ದಾಟಿ ಓಣಿಯ ತುದಿ ಮುಟ್ಟುವ ಹೊತ್ತಿಗೆ ಕೊಡ, ಬಕೆಟ್ಟು, ನೀಲಿ ಡ್ರಮ್ಮು ಎಲ್ಲ ಅಂಗಳಕ್ಕೆ ಬಂದಾಗಿದೆ.

ಈಗ ನೆಲ ನೋಡಿ. ಒಂದೊಂದು ಮನೆಯ ಮುಂದೆ ಒಂದೊಂದು ತೆಗ್ಗು. ನೀರಿಗೆ ನೆಲದ ಮೇಲಿನ ನಳ ಏರುವಷ್ಟೂ ಕಸುವಿಲ್ಲ. ಅದಕ್ಕೇ ಮೊಣಕಾಲಷ್ಟು ಆಳ ಅಗೆದು, ಪೈಪು ಕತ್ತರಿಸಿ, ತೆಗ್ಗಿನೊಳಗೇ ಕೊಡ ಇಟ್ಟು ತುಂಬುತ್ತಾರೆ. ತೆಗ್ಗಿಗೆ ಅಂಟಿಕೊಂಡೇ ಗಟಾರ. ಬೀದಿಯ ದೊಡ್ಡ ಪೈಪಿನಿಂದ ಮನೆಗೆ ಕವಲೊಡೆದ ಸಣ್ಣ ಪೈಪು ಹಾಯ್ದುಹೋಗಿರುವುದೂ ಆ ಗಟಾರದ ಒಳಗಿಂದಲೇ. ಕಪ್ಪು ನೀರಿನಲ್ಲಿ ಮುಳುಗಿದ ಅದರ ಜೋಡಣೆಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದ್ದಾರೆ. ಎದುರು ಮನೆಯವರು ಪೈಪಿಗೆ ನೇರ ಮೋಟಾರು ಹಚ್ಚಿ ನೀರು ಎಳೆಯುತ್ತಿದ್ದಾರೆ, ಇಲ್ಲದಿದ್ದರೆ ಅವರ ಪಾಲಿಗೆ ಹನಿಯೂ ದಕ್ಕುವುದಿಲ್ಲ.

ಮೊಬೈಲಿನ ಬೆಳಕು ಹಿಡಿದು ಆ ಜೋಡಣೆಯನ್ನು ಇನ್ನೊಮ್ಮೆ ನೋಡಿ. ನೀರು ಜೋರಾಗಿ ಹರಿಯುವಾಗ ಸೋರಿಕೆ ಒಳಗಿನಿಂದ ಹೊರಕ್ಕೆ. ನೀರು ನಿಂತ ಮೇಲೆ, ಇಲ್ಲವೇ ಮೋಟಾರು ಎಳೆದಾಗ, ಪೈಪಿನ ಒಳಗು ಬರಿದಾಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಗಟಾರದಲ್ಲಿ ಏನಿದೆಯೋ ಅದು ಪೈಪಿನೊಳಗೆ ಕೂತು ಮುಂದಿನ ಸರದಿಯ ನೀರಿಗಾಗಿ ಕಾಯುತ್ತದೆ. ದಿನವಿಡೀ ನೀರು ತುಂಬಿರುವ ಪೈಪಿನಲ್ಲಿ ಈ ಗಂಡಾಂತರ ಬಹಳ ಕಡಿಮೆ. ವಾರಕ್ಕೆ ಎರಡು ಸಲ ಬಂದುಹೋಗುವ ನೀರಿನಲ್ಲಿ ಅದು ಪ್ರತಿ ಸಲವೂ ಉಂಟು.

ಓಣಿಯ ಆಶಾ ಕಾರ್ಯಕರ್ತೆ ಇದೇ ಊರಿನ ಸೊಸೆ. ಕೊಡ ಹಿಡಿದು ಕೂತ ಮುದುಕಿಯ ಹತ್ತಿರ ಬಗ್ಗಿ ಹೇಳುತ್ತಾಳೆ: "ಅತ್ತೀ, ಮೊದಲನೇ ಎರಡು ಕೊಡ ಬಳಸಾಕ ಇಟ್ಕೋರಿ. ಕುಡಿಯಾಕ ಬ್ಯಾಡ್ರಿ."

"ನೀ ಹೇಳ್ತಿ ಯವ್ವಾ. ಬರೋದ ನಾಕ ಕೊಡ. ಎರಡ ಬಿಟ್ರ ಉಳಿದಿದ್ದರಾಗ ಏನ ಕುಡೀಲಿ, ಏನ ಕುದಸಲಿ?"

ಆಶಾ ಸುಮ್ಮನಾಗುತ್ತಾಳೆ. ಮುದುಕಿಯ ಲೆಕ್ಕ ತಪ್ಪಲ್ಲ.

2023ರ ಮೇ ಕೊನೆ ಮತ್ತು ಜೂನ್ ಮೊದಲ ದಿನಗಳು ಈ ಕೊಪ್ಪಳ ಜಿಲ್ಲೆಯವರಿಗೆ ನೆನಪಿವೆ. ಕನಕಗಿರಿ ತಾಲೂಕಿನ ಬಸರಿಹಾಳದಲ್ಲಿ, ಕುಷ್ಟಗಿ ತಾಲೂಕಿನ ಬಿಜಕಲ್ಲಿನಲ್ಲಿ ವಾಂತಿ-ಭೇದಿ ಹಬ್ಬಿ ಜನ ಆಸ್ಪತ್ರೆ ಸೇರಿದರು, ಜೀವಗಳು ಹೋದವು. ಬಿಜಕಲ್ಲಿನಲ್ಲಿ ಹೋದದ್ದು ಹತ್ತು ವರ್ಷದ ಹುಡುಗಿ. ಕಲುಷಿತ ನೀರಿನ ಮಾತು ರಾಜ್ಯವಿಡೀ ಸುದ್ದಿಯಾಗಿ ಸರ್ಕಾರ ತನಿಖೆಗೆ ಹೇಳಿತು. ಊರೊಳಗೆ ಆಗ ಜಲಜೀವನ್ ಮಿಷನ್ನಿನ ಅಗೆತದ ಕಾಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಆ ಯೋಜನೆ ನಮ್ಮಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ ಬಂತು. ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು, ಪ್ರತಿ ಮನೆಗೂ ನಳ. ತಲೆಮೇಲೆ ಕೊಡ ಹೊತ್ತು ಸವೆದ ಹೆಂಗಸರ ಕತ್ತುಗಳನ್ನು ಕಂಡವರಾರೂ ಈ ಯೋಜನೆ ಬೇಡವೆನ್ನಲಾರರು. ನಾನೂ ಅನ್ನುವುದಿಲ್ಲ.

ಆದರೆ ಒಂದು ಸಣ್ಣ ಗಣಿತ ಮಾಡಿ. ಐದು ಮಂದಿಯ ಮನೆಗೆ ದಿನಕ್ಕೆ 275 ಲೀಟರ್. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಬಳಸಿದ ನೀರಾಗಿ ಹೊರಗೆ ಬರುತ್ತದೆಂಬುದು ಎಂಜಿನಿಯರುಗಳು ಹಿಡಿಯುವ ಲೆಕ್ಕ. ಮನೆಯೊಂದಕ್ಕೆ 220 ಲೀಟರ್ ಆಯಿತು. ಮುನ್ನೂರು ಮನೆಯ ಊರಿನಲ್ಲಿ ದಿನಕ್ಕೆ 66,000 ಲೀಟರ್. ಪಾತ್ರೆ ತೊಳೆದದ್ದು, ಮಗುವಿನ ಬಟ್ಟೆ ಹಿಂಡಿದ್ದು, ಬಚ್ಚಲಿನದು. ಯೋಜನೆ ಹೇಳಿದಷ್ಟು ನೀರು ನಿಜಕ್ಕೂ ಬಂದ ದಿನ ಅದು ಎಲ್ಲಿಗೆ ಹೋಗಬೇಕು? ನೀರು ತರುವ ಕೆಲಸಕ್ಕೆ ನಕ್ಷೆ ಬಂತು, ಟೆಂಡರ್ ಬಂತು, ಉದ್ಘಾಟನೆ ಬಂತು. ಕಳಿಸುವ ಕೆಲಸ ಹಿಂದೆ ಉಳಿಯಿತು. ಈ ಜಿಲ್ಲೆಯ ತಾಲೂಕುಗಳನ್ನು ತಿರುಗುವಾಗ ನನ್ನ ಕಣ್ಣು ಹುಡುಕುವುದು ಇದೊಂದನ್ನೇ: ಒಳಗೆ ಬಂದದ್ದಕ್ಕೆ ಹೊರಗೆ ಹೋಗುವ ದಾರಿ ಕಟ್ಟಿದ್ದಾರೆಯೇ?

ಬನ್ನಿ, ಗಟಾರದ ಜೊತೆಗೇ ನಡೆಯೋಣ. ಅದು ಎರಡು ಮನೆ ಸರಿಯಾಗಿ ಹರಿದು ಮೂರನೆಯದರ ಮುಂದೆ ನಿಲ್ಲುತ್ತದೆ. ಅಲ್ಲಿ ಟ್ರ್ಯಾಕ್ಟರ್ ಹತ್ತಿಸಲು ಯಾರೋ ಕಲ್ಲು ಹಾಕಿದ್ದಾರೆ. ಮುಂದೆ ಸಿ.ಸಿ. ರಸ್ತೆ. ಹಳೆಯದರ ಮೇಲೆ ಹೊಸದು, ಹೊಸದರ ಮೇಲೆ ಮತ್ತೊಂದು ಹಾಕುತ್ತ ಹೋಗಿ ರಸ್ತೆ ಈಗ ಹಳೆಯ ಮನೆಗಳ ಹೊಸ್ತಿಲಿಗಿಂತ ಎತ್ತರದಲ್ಲಿದೆ. ದೊಡ್ಡ ಮಳೆ ಬಂದರೆ ಗಟಾರ ಪಡಸಾಲೆಗೇ ಬರುತ್ತದೆ. ಕಾಂಕ್ರೀಟಿನ ಲೆಕ್ಕದಲ್ಲಿ ಉದ್ದ, ಅಗಲ, ದಪ್ಪ ಇರುತ್ತವೆ. ಇಳಿಜಾರು ಅಳೆದು ಬಿಲ್ಲು ಬರೆದದ್ದನ್ನು ನಾನಂತೂ ಕಂಡಿಲ್ಲ. ಶಾಲೆಯ ಹಿಂಬದಿ ದಾಟಿ, ಹನುಮಪ್ಪನ ಗುಡಿಯ ಎಡಕ್ಕೆ ತಿರುಗಿ ಗಟಾರ ಊರಿನ ತಗ್ಗಿಗೆ ಇಳಿಯುತ್ತದೆ. ತಗ್ಗಿನಲ್ಲಿ ದಲಿತರ ಕೇರಿ. ಕಟ್ಟಿದ ಗಟಾರ ಕೇರಿಯ ಬಾಯಿಗೆ ಬಂದು ಮುಗಿದುಹೋಗುತ್ತದೆ. ಇಡೀ ಊರು ತೊಳೆದುಕೊಂಡ ನೀರು ಅಲ್ಲಿ ಹೊಂಡವಾಗಿ ನಿಂತಿದೆ. ಹೊಂಡದ ಆಚೆ ದಡದಲ್ಲಿ ಅಂಗನವಾಡಿ.

ಭೂಮಿಯ ಇಳಿಜಾರು ಪ್ರಕೃತಿಯದು. ಆ ಇಳಿಜಾರಿನ ಕೊನೆಯಲ್ಲಿ ಯಾರು ವಾಸಿಸಬೇಕು ಎಂದು ತೀರ್ಮಾನಿಸಿದ್ದು ಮನುಷ್ಯರು. ಕೇರಿಯ ಮಕ್ಕಳಿಗೆ ಭೇದಿ ಹೆಚ್ಚು, ಡೆಂಗಿ ಹೆಚ್ಚು, ತೂಕ ಕಡಿಮೆ ಎಂದು ಆರೋಗ್ಯದ ವಹಿಯಲ್ಲಿ ಬರೆಯುವಾಗ ಈ ಹೊಂಡವನ್ನೂ ಒಂದು ಕಲಮಿನಲ್ಲಿ ಬರೆಯಬೇಕು. ಪದೇ ಪದೇ ಭೇದಿಯಾಗುವ ಮಗುವಿನ ಕರುಳು ತಿಂದದ್ದನ್ನು ಹೀರಿಕೊಳ್ಳಲಾರದು. ಅಂಗನವಾಡಿಯಲ್ಲಿ ಕೊಟ್ಟ ಮೊಟ್ಟೆಯ ಪಾಲನ್ನು ಅಂಗನವಾಡಿಯ ಮುಂದಿನ ಹೊಂಡ ಕಸಿದುಕೊಳ್ಳುತ್ತದೆ.

ಉದ್ಯೋಗ ಖಾತ್ರಿಯಲ್ಲಿ ಬಚ್ಚಲು ಗುಂಡಿ ಮಾಡಿಸಿಕೊಂಡ ಕೆಲವು ಮನೆಗಳಿವೆ. ಕುಷ್ಟಗಿಯ ಮಸಾರಿ ನೆಲದಲ್ಲಿ ಅವು ಚೆನ್ನಾಗಿ ಇಂಗಿಸುತ್ತವೆ, ಗಟಾರಕ್ಕೆ ನೀರೇ ಬರುವುದಿಲ್ಲ. ಯಲಬುರ್ಗಾ-ಕುಕನೂರಿನ ಎರೆ ನೆಲದಲ್ಲಿ ಅದೇ ಗುಂಡಿ ಮಳೆಗಾಲಕ್ಕೆ ಉಕ್ಕುತ್ತದೆ. ಎರೆ ನೀರು ಕುಡಿದು ಉಬ್ಬಿದ ಮೇಲೆ ಇಂಗಿಸುವುದನ್ನು ನಿಲ್ಲಿಸುತ್ತದೆ. ಶೌಚಾಲಯದ ಗುಂಡಿಗೂ ಅದೇ ಗತಿ. ಬೆಂಗಳೂರಿನಲ್ಲಿ ಬರೆದ ಒಂದೇ ಅಳತೆ ಎರಡೂ ನೆಲಕ್ಕೆ ಬಂದರೆ ಒಂದು ನೆಲದಲ್ಲಿ ಅದು ಸೋಲುವುದು ಖಂಡಿತ.

ಬೆಳಕಾಗಿದೆ. ಒಂದು ಮನೆಯೊಳಗೆ ಕರೆಯುತ್ತಾರೆ. ಹಳೆಯ ಮಾಳಿಗೆಮನೆ. ಬಾಗಿಲು ದಾಟಿದರೆ ಮೊದಲು ದನಗಳ ಜಾಗ, ಅದರ ಮೇಲೆ ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಒಳಗೆ ಅಡುಗೆಮನೆ. ಮೊಳಕ್ಕೂ ಮಿಕ್ಕಿದ ದಪ್ಪನೆಯ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಏಪ್ರಿಲಿನ ಬಿಸಿಲು ನಲವತ್ತು ಡಿಗ್ರಿ ದಾಟಿದಾಗಲೂ ಒಳಗೆ ತಂಪು. ಕಿಟಕಿಗಳಿಲ್ಲ, ಕತ್ತಲೆ ಬಹಳ, ದನದ ಮಗ್ಗುಲಲ್ಲೇ ಮಲಗುವುದರಿಂದ ನೊಣ-ಸೊಳ್ಳೆ ತಪ್ಪಿದ್ದಲ್ಲ. ಹಳೆಯದೆಲ್ಲ ಒಳ್ಳೆಯದಾಗಿತ್ತೆಂದು ನಾನು ಹೇಳಲಾರೆ. ಆದರೆ ಒಲೆಯ ನೆತ್ತಿಯ ಮೇಲೆ ನೋಡಿ: ಮಾಳಿಗೆಗೆ ಒಂದು ತೂತು, ಬೆಳಕಿಂಡಿ. ಅದರೊಳಗಿಂದ ಬೆಳಕಿನ ಕೋಲೊಂದು ಇಳಿಯುತ್ತಿದೆ, ಅದರೊಳಗಿಂದಲೇ ಹೊಗೆ ಏರುತ್ತಿದೆ. ಕಟ್ಟಿದವರಿಗೆ ಹೊಗೆಯ ದಾರಿ ಗೊತ್ತಿತ್ತು.

ಪಕ್ಕದಲ್ಲೇ ಅವರ ಮಗನ ಹೊಸ ಆರ್‌ಸಿಸಿ ಮನೆ. ಗ್ಯಾಸ್ ಇದೆ, ಚಹಾಕ್ಕೆ, ಅನ್ನಕ್ಕೆ ಗ್ಯಾಸು. ಜೋಳದ ರೊಟ್ಟಿಗೆ ಮಾತ್ರ ಒಲೆಯೇ ಬೇಕು, ಹತ್ತಿಕಟ್ಟಿಗೆ ಹೊಲದಲ್ಲಿ ಪುಕ್ಕಟೆ ಸಿಗುತ್ತದೆ. ಸೊಸೆ ರೊಟ್ಟಿ ಬಡಿಯುತ್ತಿದ್ದಾಳೆ, ತೊಡೆಯ ಪಕ್ಕ ಕೂಸು. ಹೊಸ ಮನೆಗೆ ಬೆಳಕಿಂಡಿ ಇಲ್ಲ, ಅಡುಗೆಮನೆಯ ಕಿಟಕಿ ನೆರೆಮನೆಯ ಗೋಡೆಗೆ ಮುಚ್ಚಿಹೋಗಿದೆ. ಹೊಗೆ ಸೂರಿಗೆ ಬಡಿದು ಮತ್ತೆ ಅವಳ ಮುಖಕ್ಕೇ ಇಳಿಯುತ್ತದೆ. ನಿಮಗೆ ಎರಡು ನಿಮಿಷಕ್ಕೆ ಕಣ್ಣು ಉರಿಯುತ್ತದೆ. ಅವಳು ದಿನಾ ಒಂದೂವರೆ ತಾಸು ಅಲ್ಲೇ ಕೂರುತ್ತಾಳೆ. ಐದು ವರ್ಷದೊಳಗಿನ ಮಕ್ಕಳ ನ್ಯುಮೋನಿಯಾಕ್ಕೆ, ಸಿಗರೇಟು ಮುಟ್ಟದ ಹೆಂಗಸರ ಶ್ವಾಸಕೋಶದ ಕಾಯಿಲೆಗೆ ಮನೆಯೊಳಗಿನ ಈ ಹೊಗೆ ದೊಡ್ಡ ಕಾರಣವೆಂದು ವೈದ್ಯಲೋಕ ಒಪ್ಪಿ ಬಹುಕಾಲವಾಯಿತು. ವಸತಿ ಯೋಜನೆಯ ಮನೆ ಕಟ್ಟುವಾಗ ಒಲೆಯ ಮೇಲೆ ಒಂದು ಹೊಗೆಗೊಳವೆ ಇಟ್ಟರೆ ಎಷ್ಟು ಖರ್ಚಾದೀತು? ಆ ಖರ್ಚಿಗೆ ಅಂದಾಜುಪಟ್ಟಿಯಲ್ಲಿ ಒಂದು ಸಾಲು ಸಿಗಲಿಲ್ಲ.

ಹತ್ತು ಗಂಟೆಗೆ ಯಲಬುರ್ಗಾದ ಕಡೆ. ರಸ್ತೆಯ ಎರಡೂ ಬದಿ ಎರೆ ಹೊಲ, ನಡುನಡುವೆ ಗುಡ್ಡ, ಬಂಡೆ. ಜಿಲ್ಲೆಗೆ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿಗೂ ಕಡಿಮೆ ಮಳೆ. ಬಾವಿಗಳು ಬತ್ತಿದಂತೆ ಬೋರುಗಳು ಬಂದವು, ಬೋರುಗಳು ಬತ್ತಿದಂತೆ ಇನ್ನೂ ಆಳದ ಬೋರು. ಗ್ರಾನೈಟು ಮತ್ತು ನೈಸ್ ಶಿಲೆಯ ಬಿರುಕುಗಳಲ್ಲಿ ಬಹುಕಾಲ ಕೂತ ನೀರು ಶಿಲೆಯೊಳಗಿನ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂಬುದು ದೇಶದ ಕುಡಿಯುವ ನೀರಿನ ಮಾನದಂಡ. ಯಲಬುರ್ಗಾ, ಕುಷ್ಟಗಿಯ ಎಷ್ಟೋ ಬೋರುಗಳು ಅದನ್ನು ದಾಟುತ್ತವೆ.

ಶಾಲೆಯ ಮುಂದೆ ಮಕ್ಕಳು ನಿಮ್ಮನ್ನು ನೋಡಿ ನಗುತ್ತವೆ. ಹಲ್ಲಿನ ಮೇಲೆ ಸುಣ್ಣದ ಕಲೆ. ದೊಡ್ಡ ಮಕ್ಕಳಲ್ಲಿ ಅದು ಕಂದು ಪಟ್ಟಿ. ಒಬ್ಬ ಹುಡುಗಿ ನಗುವಾಗ ಓಢಣಿಯ ಅಂಚನ್ನು ಬಾಯಿಗೆ ಹಿಡಿಯುತ್ತಾಳೆ. ಹಾಲುಹಲ್ಲು ಬಿದ್ದು ಬರುವ ಹಲ್ಲಿನ ಹೊಳಪು ಹುಟ್ಟಿನಿಂದ ಸುಮಾರು ಎಂಟು ವರ್ಷದೊಳಗೆ ವಸಡಿನ ಒಳಗೇ ಕಟ್ಟಿಕೊಳ್ಳುತ್ತದೆ. ಆಗ ಕುಡಿದ ನೀರು ಕಲೆಯಾಗಿ ಉಳಿಯುತ್ತದೆ, ಯಾವ ಪೇಸ್ಟಿಗೂ ಹೋಗುವುದಿಲ್ಲ. ಕಟ್ಟೆಯ ಮೇಲಿನ ಹಿರಿಯರೊಬ್ಬರನ್ನು ಮೇಷ್ಟ್ರು ಕೂಗುತ್ತಾರೆ, "ಯಜಮಾನ್ರ, ಇಲ್ಲಿ ನೋಡ್ರಿ." ಅವರು ಕತ್ತು ತಿರುಗಿಸುವುದಿಲ್ಲ, ಕೋಲೂರಿ ಇಡೀ ಮೈಯನ್ನೇ ತಿರುಗಿಸುತ್ತಾರೆ. ಬೆನ್ನುಮೂಳೆಯ ಮಣಿಗಳ ನಡುವಿನ ಕಟ್ಟುಗಳು ಗಟ್ಟಿಯಾಗಿವೆ.

"ಹೊಲದಾಗ ಬಾವಿ ಇತ್ತರೀ ಸರ, ಹುಡುಗ್ರಿದ್ದಾಗ ಅದನ್ನ ಕುಡಿತಿದ್ವಿ. ಮ್ಯಾಲ ಬೋರ್ ಬಂತು. ಬೋರ್ ಬಂದಾಗ ಕಾಯಿ ಒಡದು ಪೂಜಿ ಮಾಡೀವಿ ನಾವು."

ದಕ್ಷಿಣ ಭಾರತದಲ್ಲಿ ಫ್ಲೋರೈಡ್ ತರುವ ಈ ರೋಗವನ್ನು ವೈದ್ಯರು ಗುರುತಿಸಿ ಬರೆದದ್ದು 1930ರ ದಶಕದಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನ ಕಡೆ. ಅಷ್ಟು ಹಳೆಯ ತಿಳಿವಳಿಕೆ ನಮ್ಮ ಕೈಯಲ್ಲಿತ್ತು. ಆದರೂ ಬೋರು ಕೊರೆದ ದಿನ ನೀರು ಎಷ್ಟು ಇಂಚು ಬಂತೆಂದು ಅಳೆದಷ್ಟು ಆಸಕ್ತಿಯಿಂದ ಅದರಲ್ಲಿ ಏನಿದೆಯೆಂದು ಅಳೆಯಲಿಲ್ಲ. ಈಗ ಕೃಷ್ಣೆಯಿಂದ ಪೈಪಿನಲ್ಲಿ ನೀರು ತರುವ ಬಹುಗ್ರಾಮ ಯೋಜನೆ ಈ ಎರಡು ತಾಲೂಕುಗಳಿಗೆ ಬಂದಿದೆ, ಮೂಲವನ್ನೇ ಬದಲಿಸುವ ಸರಿಯಾದ ದಾರಿ ಅದು. ಅದು ಮುಟ್ಟದ ದಿನ ಜನ ಹೋಗುವುದು ಬಸ್‌ಸ್ಟ್ಯಾಂಡಿನ ಬಳಿಯ ಶುದ್ಧ ನೀರಿನ ಘಟಕಕ್ಕೆ. ಕಾಯಿನ್ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಜನ ಅದನ್ನು 'ಫಿಲ್ಟರ್ ನೀರು' ಅನ್ನುತ್ತಾರೆ. ಘಟಕದ ಹಿಂದೆ ಹೋಗಿ ನೋಡಿ. ಒಂದು ಕೊಳವೆಯಿಂದ ನೀರು ಸುರಿಯುತ್ತಿದೆ. ಯಂತ್ರ ಬೇಡವೆಂದು ಬಿಟ್ಟದ್ದು. ಒಳಹೋದ ನೀರಿನಲ್ಲಿ ಅರ್ಧದಷ್ಟು, ಕೆಲವು ಘಟಕಗಳಲ್ಲಿ ಅದಕ್ಕೂ ಹೆಚ್ಚು, ಹೀಗೆ ಹೊರಬರುತ್ತದೆ. ಶುದ್ಧ ನೀರಿನಿಂದ ತೆಗೆದ ಫ್ಲೋರೈಡೆಲ್ಲ ಇದರಲ್ಲಿದೆ. ಇದೂ ಗಟಾರಕ್ಕೇ. ಗಟಾರದಲ್ಲಿ ಎಮ್ಮೆ ಬಾಯಿ ಹಾಕುತ್ತಿದೆ.

ಕುಕನೂರು ದಾಟಿ ಸ್ವಲ್ಪ ಒಳಕ್ಕೆ ಇಟಗಿ. ನಾನು ಈ ದಾರಿಯಲ್ಲಿ ಬಂದಾಗ ಮಹಾದೇವ ದೇವಾಲಯಕ್ಕೆ ಹೋಗದೆ ಮುಂದೆ ಹೋಗಲಾರೆ. 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ. ಎಲ್ಲರೂ ಕಂಬದ ಕಡೆತ, ಗೋಪುರದ ಸೊಬಗು ನೋಡುತ್ತಾರೆ. ನೀವು ಪುಷ್ಕರಣಿಯ ಮೆಟ್ಟಿಲ ಮೇಲೆ ಒಂದು ಗಳಿಗೆ ಕುಳಿತುಕೊಳ್ಳಿ. ದೇಗುಲ ಕಟ್ಟುವವರ ಶಾಸ್ತ್ರದಲ್ಲಿ ದೇವರ ಮೇಲೆ ಸುರಿದ ಅಭಿಷೇಕದ ನೀರು ಗರ್ಭಗುಡಿಯಲ್ಲಿ ನಿಲ್ಲುವಂತಿಲ್ಲ. ಅದು ಗೋಡೆ ತೂರಿ ಹೊರಹೋಗಲು ಪ್ರಣಾಳವನ್ನು ಗೋಡೆ ಏಳುವಾಗಲೇ ಇಡುತ್ತಾರೆ, ಕಟ್ಟಿ ಮುಗಿದ ಮೇಲೆ ಒಡೆದು ಇಡುವುದಿಲ್ಲ. ಒಂದು ಕೊಡ ನೀರು ಸುರಿಯುವ ಮುನ್ನ ಅದರ ಹಾದಿ ಯೋಚಿಸುವ ಕಸುಬು ಇದೇ ಮಣ್ಣಿನಲ್ಲಿತ್ತು.

ಮಧ್ಯಾಹ್ನ ಗಂಗಾವತಿ. ಇಲ್ಲಿ ನೋಟವೇ ಬೇರೆ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂತು, ಮುನಿರಾಬಾದಿನಿಂದ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ಕೊಪ್ಪಳ-ರಾಯಚೂರುಗಳ ಒಣನೆಲವನ್ನು ಭತ್ತದ ಕಣಜ ಮಾಡಿತು. ಶ್ರೀರಾಮನಗರದಂಥ ಕ್ಯಾಂಪುಗಳು, ಕಾರಟಗಿಯ ಅಕ್ಕಿ ಗಿರಣಿಗಳು, ಕಣ್ಣು ಮುಟ್ಟುವವರೆಗೂ ಹಸಿರು. ಗದ್ದೆಯ ಬದುವಿನ ಮೇಲೆ ನಿಂತರೆ ತಣ್ಣನೆಯ ಗಾಳಿ ಮುಖಕ್ಕೆ ಬರುತ್ತದೆ. ಬಗ್ಗಿ ನೋಡಿದರೆ ಸಸಿಗಳ ನಡುವಿನ ಬೆಚ್ಚನೆಯ ನಿಂತ ನೀರಿನಲ್ಲಿ ಮರಿಹುಳುಗಳು ಮಿಡುಕುತ್ತಿವೆ. ಬೆಳ್ಳಕ್ಕಿಗಳು ಇವೆ, ಕ್ಯಾಂಪಿನ ಅಂಚಿನಲ್ಲಿ ಹಂದಿಗಳಿವೆ. ಮೆದುಳುಜ್ವರದ ವೈರಾಣುವಿಗೆ ಬೇಕಾದ ಮೂರೂ ಇಲ್ಲಿ ಒಂದೇ ಕಡೆ ಸೇರಿವೆ: ಗದ್ದೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ, ವೈರಾಣುವನ್ನು ಇಟ್ಟುಕೊಳ್ಳುವ ಹಕ್ಕಿ, ಅದನ್ನು ಬೆಳೆಸುವ ಹಂದಿ. ಬಳ್ಳಾರಿ, ಕೊಪ್ಪಳ, ರಾಯಚೂರು ಈ ಜ್ವರದ ಜಿಲ್ಲೆಗಳೆಂದು ಹೆಸರಾದದ್ದು ಕಾಕತಾಳೀಯವಲ್ಲ. ಲಸಿಕೆ ಬಂದಿದೆ, ಒಂಬತ್ತು ತಿಂಗಳಿಗೆ ಮೊದಲನೆಯದು, ಒಂದೂವರೆ ವರ್ಷದ ಆಸುಪಾಸಿಗೆ ಎರಡನೆಯದು, ತಾಯಂದಿರು ತಪ್ಪಿಸಬಾರದು. ಆದರೆ ನೀರು ನಿಲ್ಲಿಸಿಯೇ ಭತ್ತ ಬೆಳೆಯಬೇಕೆಂದಿಲ್ಲ. ಕೆಲವು ದಿನ ಕಟ್ಟಿ, ಕೆಲವು ದಿನ ಬಸಿದು ಬೆಳೆದರೆ ಮರಿಹುಳು ಸೊಳ್ಳೆಯಾಗುವ ಮುನ್ನ ಒಣಗಿ ಸಾಯುತ್ತದೆ. ಅದಕ್ಕೆ ಬೇಕಾದದ್ದು ಬಸಿಗಾಲುವೆ. ಕಾಲುವೆ ಕಟ್ಟಿದವರು ಬಸಿಗಾಲುವೆಗೆ ಅಷ್ಟೇ ಮನಸ್ಸು ಕೊಟ್ಟಿದ್ದರೆ ಸವಳಾಗಿ ಹಾಳುಬಿದ್ದ ಹೊಲಗಳೂ ಉಳಿಯುತ್ತಿದ್ದವು.

ಪೇಟೆಯ ನಡುವೆ ದುರ್ಗಮ್ಮನ ಹಳ್ಳ. ಹಳ್ಳವೆಂಬ ಹೆಸರು ಉಳಿದಿದೆ, ಹರಿಯುವುದು ಊರಿನ ಕೊಳೆ. ಮೂಗು ಮುಚ್ಚಿಕೊಂಡು ಸೇತುವೆ ದಾಟಿಬಿಡಿ.

ದಾಣಾಪುರಕ್ಕೆ ಮಾತ್ರ ಹೋಗಲೇಬೇಕು. 2016ರಲ್ಲಿ ಈ ಊರಿನ ಹದಿನಾರು ವರ್ಷದ ಹುಡುಗಿಯೊಬ್ಬಳು ಮನೆಗೆ ಶೌಚಾಲಯ ಬೇಕೆಂದು ಊಟ ಬಿಟ್ಟು ಕೂತಳು. ಮನೆಯವರಲ್ಲಿ ಹಣವಿರಲಿಲ್ಲ. ಗ್ರಾಮದ ಮುಖ್ಯಸ್ಥರು 18,000 ರೂಪಾಯಿ ಹೊಂದಿಸಿ ಒಂದು ವಾರದಲ್ಲಿ ಕಟ್ಟಿಸಿಕೊಟ್ಟರು. ಆ ಆಗಸ್ಟಿನಲ್ಲಿ ಪ್ರಧಾನಿ ತಮ್ಮ ಬಾನುಲಿ ಮಾತಿನಲ್ಲಿ ಅವಳನ್ನು ನೆನೆದರು, ದೇಶ ಮೆಚ್ಚಿತು. ನೀವು ಆ ಹಟದ ಹಿಂದಿನ ದಿನಚರಿಯನ್ನು ಊಹಿಸಿ. ಸಂಜೆ ಕತ್ತಲಾಗುವವರೆಗೆ ತಡೆದುಕೊಳ್ಳುವುದು. ತಡೆದುಕೊಳ್ಳಲೆಂದೇ ಬಿಸಿಲಿನಲ್ಲೂ ನೀರು ಕುಡಿಯದಿರುವುದು. ಅದರಿಂದ ಮೂತ್ರದ ಸೋಂಕು, ಮಲಬದ್ಧತೆ. ಮುಟ್ಟಿನ ದಿನಗಳಲ್ಲಿ ಶಾಲೆಗೆ ರಜೆ. ರಸ್ತೆಯಲ್ಲಿ ಗಾಡಿಯ ದೀಪ ಬಿದ್ದಾಗಲೆಲ್ಲ ಎದ್ದು ನಿಲ್ಲುವುದು. ನಾಲ್ಕು ಅಡಿ ಗೋಡೆ, ಒಂದು ಬಾಗಿಲು ಇಲ್ಲದ್ದಕ್ಕೆ ಹೆಣ್ಣುಮಕ್ಕಳ ಮೈ ತನ್ನ ಸಹಜ ಕೆಲಸವನ್ನೂ ಅಡಗಿಸಿಕೊಳ್ಳಬೇಕಾಯಿತು. ಆ ಹುಡುಗಿ ಬೇಡಿದ್ದು ಕಟ್ಟಡವನ್ನೇ, ಔಷಧವನ್ನಲ್ಲ. ಆರೋಗ್ಯದ ವಿಷಯದಲ್ಲಿ ಅವಳಷ್ಟು ಸ್ಪಷ್ಟವಾಗಿ ಮಾತನಾಡಿದವರನ್ನು ನಾನು ಕಡಿಮೆ ಕಂಡಿದ್ದೇನೆ.

ಅವಳಿಗಾಗಿ ಎದ್ದ ಗೋಡೆಗಳ ನಂತರ ಜಿಲ್ಲೆಯಲ್ಲಿ ಸಾವಿರಾರು ಎದ್ದವು. ಸ್ವಚ್ಛ ಭಾರತದ ಸಹಾಯಧನ ಆಗ 12,000, ಪರಿಶಿಷ್ಟರಿಗೆ ರಾಜ್ಯದಲ್ಲಿ 15,000 ರೂಪಾಯಿ ಇತ್ತು. ಗೋಡೆ ಕಾಣುತ್ತದೆ, ಗುಂಡಿ ಕಾಣುವುದಿಲ್ಲ. ಎರಡು ಗುಂಡಿ ತೋಡಿ, ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿದರೆ ಒಂದೆರಡು ವರ್ಷದಲ್ಲಿ ಮೊದಲನೆಯದು ನಿರಪಾಯ ಗೊಬ್ಬರವಾಗುತ್ತದೆ, ಯಾವ ಮನುಷ್ಯನೂ ಅದರೊಳಗೆ ಇಳಿಯಬೇಕಿಲ್ಲ. ಜಾಗವಿಲ್ಲದವರು ಒಂದೇ ಗುಂಡಿಗೆ ರಿಂಗು ಇಳಿಸಿದ್ದಾರೆ. ಅದು ತುಂಬಿದ ದಿನ ಟ್ಯಾಂಕರ್ ಬರುತ್ತದೆ, ಊರಾಚೆಯ ಹಳ್ಳಕ್ಕೆ ಸುರಿದು ಹೋಗುತ್ತದೆ. ಬಯಲಿನಿಂದ ಒಳಗೆ ಬಂದದ್ದು ಮತ್ತೆ ಬಯಲಿಗೆ.

ಸಂಜೆ ಕೊಪ್ಪಳದ ದಾರಿ ಹಿಡಿಯಿರಿ. ಮುನಿರಾಬಾದ್ ದಾಟಿ ಗಿಣಿಗೇರಿ ಹತ್ತಿರ ಬಂದಂತೆ ರಸ್ತೆಯ ಬದಿಯ ಬೇವಿನ ಎಲೆ ಬಣ್ಣ ಬದಲಿಸುತ್ತದೆ. ಉಕ್ಕು, ಬೀಡುಕಬ್ಬಿಣ, ಮೆದುಕಬ್ಬಿಣದ ಕಾರ್ಖಾನೆಗಳು ಸಾಲಾಗಿ ನಿಂತಿರುವ ನೆಲ. ಅದಿರಿನ ಲಾರಿಗಳ ಹಿಂದೆ ಕೆಂಪು ದೂಳು, ಚಿಮಣಿಗಳ ಮೇಲೆ ಬೂದು ಹೊಗೆ. ಇಲ್ಲಿಂದ ಹಿರೇಬಗನಾಳ, ಕುಣಿಕೇರಿ, ಅಲ್ಲಾನಗರ, ಹಾಲವರ್ತಿ ಎಲ್ಲ ಒಂದರ ಮಗ್ಗುಲಿಗೊಂದು.

ಒಂದು ಮನೆಯ ಮಾಳಿಗೆ ಏರುತ್ತೀರಿ. ಮಾಳಿಗೆಯ ತುಂಬ ಕರೀ ಪುಡಿ. ಬರಿಗಾಲಲ್ಲಿ ನಡೆದರೆ ಹೆಜ್ಜೆ ಮೂಡುತ್ತದೆ. ಮನೆಯೊಡತಿ ಕಸಬರಿಗೆ ಹಿಡಿದು ಬಂದಿದ್ದಾರೆ.

"ಮುಂಜಾನಿ ಉಡುಗೀನ್ರಿ ಅಣ್ಣಾರ. ಮತ್ತ ನೋಡ್ರಿ. ಶಾಂಡಿಗಿ ಹಾಕೋದು ಬಿಟ್ಟ ಬಾಳ ವರ್ಷಾತು. ಬಟ್ಟಿನೂ ಒಳಗ ಒಣಗಸ್ತೀವಿ."

"ರಾತ್ರಿ ಹೆಚ್ಚೋ, ಹಗಲೋ?"

"ರಾತ್ರಿನ ರೀ. ಮೂಡಗಾಳಿ ಬಿಟ್ರ ಮುಗೀತು, ಮುದುಕ್ರು ಕೆಮ್ಮಿ ಕೆಮ್ಮಿ ಬೆಳಕ ಹರಿಸ್ತಾರ."

ಆಕೆ ಗಮನಿಸಿದ್ದಕ್ಕೆ ವಿಜ್ಞಾನದ ಬೆಂಬಲವಿದೆ. ಚಳಿಗಾಲದ ರಾತ್ರಿ ನೆಲ ಬೇಗ ತಣಿದು, ತಂಪು ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ನಿಲ್ಲುತ್ತದೆ. ಹೊಗೆ ಮೇಲೇರಲಾರದೆ ಊರಿನ ಮಟ್ಟದಲ್ಲೇ ಹರಡುತ್ತದೆ. ಕಾಲಿಗೆ ಅಂಟಿದ ಕರೀ ಪುಡಿ ದಪ್ಪ ಕಣಗಳದು, ಕಾಣುತ್ತದೆ. ಅದರ ಜೊತೆಗೆ ಬರುವ, 2.5 ಮೈಕ್ರಾನಿಗಿಂತ ಸಣ್ಣ ಕಣ ಕಾಣುವುದಿಲ್ಲ. ಶ್ವಾಸಕೋಶದ ತುದಿಯ ಗಾಳಿಗುಳ್ಳೆ ಮುಟ್ಟುವುದು, ರಕ್ತಕ್ಕೆ ಇಳಿಯುವುದು ಅದೇ. ಕಸಬರಿಗೆಗೆ ಅದು ಸಿಗುವುದಿಲ್ಲ. ಚಿಮಣಿಯ ಬುಡದಲ್ಲಿ ದೂಳು ಹಿಡಿಯುವ ಯಂತ್ರಗಳನ್ನು ಹಗಲು ರಾತ್ರಿ ಒಂದೇ ಸಮನೆ ನಡೆಸಿದರೆ ಮಾತ್ರ ಬಹುಪಾಲು ಸಿಗುತ್ತದೆ.

ಮುಂಜಾವಿನಿಂದ ನೀವು ನೋಡಿದ ಬಹುತೇಕ ಕಡೆ ಹೊರದಾರಿ ಇರಲಿಲ್ಲ. ಇಲ್ಲಿ ಇದೆ. ಮುಗಿಲಿಗೆ ಎದ್ದುನಿಂತ, ಲಕ್ಷಗಟ್ಟಲೆ ಸುರಿದು ಕಟ್ಟಿದ ಹೊರದಾರಿ. ಅದು ಮುಗಿಯುವುದು ಈ ಹೆಂಗಸಿನ ಮಾಳಿಗೆಯ ಮೇಲೆ. ಕುಷ್ಟಗಿಯ ಆ ಊರಿನಲ್ಲಿ ಮೇಲಿನ ಓಣಿಯ ಗಟಾರ ಕೇರಿಯ ಬಾಯಿಗೆ ಬಂದು ಮುಗಿದಿತ್ತಲ್ಲ, ಇದೂ ಅದೇ ಕಟ್ಟುವಿಕೆ. ಒಬ್ಬರ ಹೊರದಾರಿ ಇನ್ನೊಬ್ಬರ ಒಳಬಾಗಿಲಿಗೆ ಜೋಡಣೆಯಾಗಿದೆ. ಕಟ್ಟುವ ಮುನ್ನ ಆ ಇನ್ನೊಬ್ಬರನ್ನು ಕೇಳಿದರೇ ಎಂಬುದೇ ಆರೋಗ್ಯದ ಮೊದಲ ಪ್ರಶ್ನೆಯೆಂದು ನನಗೆ ತೋರುತ್ತದೆ.

ಕೊಪ್ಪಳ ಆ ಪ್ರಶ್ನೆಯನ್ನು ಬೀದಿಯಲ್ಲಿ ಕೇಳಿದೆ. 2025ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ, ನಗರಕ್ಕೆ ಅಂಟಿಕೊಂಡಂತೆ ಬಲ್ಡೋಟ ಸಮೂಹದ 54,000 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆಯ ಸುದ್ದಿ ಬಂತು. 24ರಂದು ಕೊಪ್ಪಳ ಬಂದ್. ಅಂಗಡಿ ಮುಚ್ಚಿದವರು, ಶಾಲೆಯ ಮಕ್ಕಳು, ರೈತರು, ವಕೀಲರು, ಎಲ್ಲ ಪಕ್ಷದವರು, ಜೊತೆಗೆ ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ. 2019ರಲ್ಲಿ ಕಸ-ಜಾಲಿ ತುಂಬಿ ಕಟ್ಟಿಹೋಗಿದ್ದ ಹಿರೇಹಳ್ಳವನ್ನು ಜನರೊಂದಿಗೆ ಮೈಲಿಗಟ್ಟಲೆ ತೆರೆಸಿ ನೀರಿಗೆ ದಾರಿ ಬಿಡಿಸಿದವರು ಇವರೇ. 2025ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಕಾರ್ಖಾನೆಯ ಕೆಲಸ ನಿಲ್ಲಿಸಲು ಸೂಚಿಸಿದರು. ಉದ್ಯೋಗ ಬೇಕೆನ್ನುವ ಹುಡುಗರೂ ಇದೇ ಜಿಲ್ಲೆಯವರು, ಭೂಮಿ ಕೊಟ್ಟು ಕೆಲಸಕ್ಕೆ ಕಾದವರೂ ಇದ್ದಾರೆ. ಅವರ ಹಸಿವನ್ನು ಹಗುರ ಮಾಡಿ ಮಾತನಾಡುವ ಹಕ್ಕು ನನಗಿಲ್ಲ. ಆದರೆ ದುಡಿಯಲು ಎದೆಯೂ ಬೇಕು.

ಮಾಳಿಗೆಯಿಂದ ಇಳಿಯುವ ಮುನ್ನ ಪಡುವಣಕ್ಕೆ ನೋಡಿ, ಕೊಪ್ಪಳದ ಕೋಟೆಯ ಗುಡ್ಡ ಮಸುಕಾಗಿ ಕಾಣುತ್ತದೆ. ನಗರದಲ್ಲಿ 2015ರಿಂದ ವೈದ್ಯಕೀಯ ಕಾಲೇಜು ಇದೆ. ಅಲ್ಲಿನ ಹುಡುಗ-ಹುಡುಗಿಯರು ಸಮುದಾಯ ವೈದ್ಯಶಾಸ್ತ್ರ ಓದಲು ದೂರ ಹೋಗಬೇಕಾಗಿಲ್ಲ. ಮೊದಲ ಕೆಲಸವಾಗಿ ಗಿಣಿಗೇರಿ, ಹಿರೇಬಗನಾಳ, ಹಾಲವರ್ತಿಯ ಶಾಲೆಗಳ ಪ್ರತಿ ಮಗುವಿನ ಶ್ವಾಸವನ್ನು ಈ ಚಳಿಗಾಲದಲ್ಲಿ ಅಳೆಯಲಿ. ಕಾರ್ಖಾನೆಗಳಿಂದ ದೂರದ ಯಲಬುರ್ಗಾದ ಒಂದು ಊರಿನ ಮಕ್ಕಳದ್ದನ್ನೂ ಜೊತೆಗಿಟ್ಟು ಅಳೆಯಲಿ. ಗಾಳಿಯ ಮಾಪಕಗಳ ರಾತ್ರಿಯ ಅಂಕಿಯನ್ನೂ ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಲಿ. ಆ ಎರಡು ಕಾಗದ ಕೈಗೆ ಬರುವವರೆಗೆ ಇಲ್ಲಿ ಹೊಸ ಚಿಮಣಿಯೊಂದಕ್ಕೂ ಯಾರೂ ಸಹಿ ಹಾಕಬಾರದು.

"ಕೆಳಗ ಬರ್ರಿ ಅಣ್ಣಾರ, ಚಾ ಆಗೇತಿ," ಎಂದು ಮನೆಯೊಡತಿ ಕರೆಯುತ್ತಿದ್ದಾರೆ. ಅವರ ಮಗ, ಪಿಯುಸಿ ಓದುವ ಹುಡುಗ, ಮಾಳಿಗೆಯ ಪುಡಿಯನ್ನು ಒಂದು ಡಬ್ಬಿಗೆ ತುಂಬಿ, ತಾರೀಖು ಬರೆದ ಚೀಟಿ ಅಂಟಿಸಿದ್ದಾನೆ. ಮುಂದಿನ ಗ್ರಾಮಸಭೆ ಯಾವಾಗ ಎಂದು ಕೇಳಲು ನಾಳೆ ಪಂಚಾಯಿತಿಗೆ ಹೋಗುತ್ತಾನಂತೆ.